ಸಹಾಯ ಬೇಕು: ಸದಸ್ಯರ ಭಾವನಿಗೇ ಪಂಚಾಯ್ತಿ ಕೆಲಸ ಕೊಡಬಹುದಾ?

ನಮಸ್ಕಾರ. ನಮ್ಮದು ಶಿರಸಿ ಕಡೆಯ ಗ್ರಾಮ ಪಂಚಾಯ್ತಿ. ಮಳೆಗಾಲಕ್ಕೆ ಮುಂಚೆ ಕೇರಿಯ ಚರಂಡಿ ಕೆಲಸ ಆಯ್ತು. ಗುತ್ತಿಗೆ ಸದಸ್ಯರೊಬ್ಬರ ಭಾವನ ಹೆಸರಲ್ಲಿ. ಆದರೆ ಸಿಮೆಂಟ್ ಚೀಲ ಇಳಿದದ್ದು ಸದಸ್ಯರ ಅಂಗಳದಲ್ಲಿ, ಕೂಲಿ ಬಟವಾಡೆಯೂ ಅವರ ಜಗಲಿ ಮೇಲೇ. ಚರಂಡಿ ಚೆನ್ನಾಗೇ ಆಗಿದೆ, ಸುಳ್ಳು ಹೇಳಬಾರದು. ನನ್ನ ತಕರಾರು ಬೇರೆ.

1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣ ಓದಿದೆ. ಪಂಚಾಯ್ತಿಯ ಕೆಲಸ, ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದವರು ಸದಸ್ಯರಾಗಿರಲು ಅನರ್ಹರು ಅಂತಿದೆ. ಈ 'ಪರೋಕ್ಷ'ದಲ್ಲಿ ಭಾವ ಬರ್ತಾರಾ, ಇಲ್ಲ ದುಡ್ಡು ಕೈ ಬದಲಾದದ್ದನ್ನೇ ತೋರಿಸಬೇಕಾ? ಬಿಲ್ಲು, ಅಳತೆ ಪುಸ್ತಕದ ನಕಲಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. 30 ದಿನ ಕಾಯಬೇಕು. ಅಷ್ಟರೊಳಗೆ ಕಾರವಾರದ ಜಿಲ್ಲಾ ಪಂಚಾಯ್ತಿಗೆ ದೂರು ಕೊಡಲಾ? ಗೊತ್ತಿದ್ದವರು ಹೇಳಿ. ದಿನಾ ಮುಖ ನೋಡುವವರು, ಹೆಸರು ಮಾತ್ರ ಕೇಳಬೇಡಿ.