ಡ್ರಮ್‌ನ್ಯಾಗ ಹೊಗಿ ಹಾಕಿದ ಮಟನ್ ಮ್ಯಾಲ ಕಹಿ, ಒಳಗ ರಬ್ಬರ್. ಎಲ್ಲಿ ತಪ್ಪತದ?

ಹಿತ್ತಲಕೆಂಡ, ವಿಜಯಪುರ

200 ಲೀಟರ್ ಡ್ರಮ್, ಎಲುಬು ಸಮೇತ 2 ಕೆಜಿ ಆಡಿನ ತೊಡೆ. ಇದ್ದಲಿ ಬುಟ್ಟಿ ತಳದಿಂದ 10 ಸೆಂ.ಮೀ. ಮ್ಯಾಲ, ಮಾಂಸದ ಜಾಳಗಿ 70 ಸೆಂ.ಮೀ. ಮ್ಯಾಲ. ಕೆಳಗ 20 ಮಿ.ಮೀ.ದು ನಾಕು ತೂತು, ಮುಚ್ಚಳಕ್ಕ ಅದೇ ಅಳತಿದು ಎರಡು. ಬಳ್ಳಾರಿ ಜಾಲಿ ಇದ್ದಲಿ, ಅದರ ಮ್ಯಾಲ ರಾತ್ರಿಯಿಡೀ ನೆನಸಿದ ಮಾವಿನ ಕಟಗಿ. ಮುಚ್ಚಳದ ಥರ್ಮಾಮೀಟರ್ 120 ತೋರಸತದ. ಮಾಂಸದ ಒಳಗ 68 ಡಿಗ್ರಿಗೆ ಬಂದು ಎರಡು ತಾಸು ಅಲ್ಲೇ ನಿಂತುಬಿಡತದ. ತಗದು ನೋಡಿದ್ರ ಮ್ಯಾಲ ಡಾಂಬರಿನಂಥ ಪದರು, ನಾಲಿಗಿ ಜುಂ ಅನ್ನೂವಂಥ ಕಹಿ. ಜಾಲಿದೇ ತಪ್ಪೇನು? ದ್ರಾಕ್ಷಿ ಬಳ್ಳಿ ಚಾಟ್ನಿ ಮಾಡಿದಾಗ (ಸವರಿದಾಗ) ಬಿದ್ದ ಕಡ್ಡಿ ಬೇಕಾದಷ್ಟು ಸಿಗತಾವ, ಅವು ನಡೀತಾವೇನು?

ಘಟಪ್ರಭಾದಂಡೆ, ಬಾಗಲಕೋಟೆ

ಜಾಲಿಯ ಮೇಲೆ ಗೂಬೆ ಕೂರಿಸಬೇಡಿ. ತಪ್ಪು ನಿಮ್ಮ ಮುಚ್ಚಳದಲ್ಲಿದೆ.

20 ಮಿ.ಮೀ.ನ ಒಂದು ತೂತೆಂದರೆ ಸುಮಾರು 314 ಚದರ ಮಿ.ಮೀ. ಕೆಳಗೆ ನಾಲ್ಕು ಸೇರಿ 1256, ಮೇಲೆ ಬರೀ 628. ಒಳಗೆ ಬಂದ ಗಾಳಿಗೆ ಹೊರಬೀಳಲು ಅರ್ಧ ದಾರಿ. ಹಾಗಾಗಿ ಕಟ್ಟಿಗೆ ಉರಿಯುವುದಿಲ್ಲ, ಉಬ್ಬಸಪಡುತ್ತದೆ. ಅರ್ಧ ಸುಟ್ಟ ಹೊಗೆ ಡ್ರಮ್ಮಿನೊಳಗೇ ಸುತ್ತಿ ತಣ್ಣಗಿನ ಮಾಂಸದ ಮೇಲೆ ಅಂಟಾಗಿ ಕೂರುತ್ತದೆ. ಮುಚ್ಚಳಕ್ಕೆ 50 ಮಿ.ಮೀ. ಒಳವ್ಯಾಸದ, ಒಂದು ಗೇಣುದ್ದದ ಕಬ್ಬಿಣದ ಪೈಪ್ ಬೆಸುಗೆ ಹಾಕಿಸಿ, ದಾರಿ 1960 ಚದರ ಮಿ.ಮೀ. ಆಗುತ್ತದೆ. ಜಿಐ ಪೈಪ್ ಬೇಡ, ಬೆಸುಗೆಯ ಶಾಖಕ್ಕೆ ಅದರ ಸತುವಿನ ಲೇಪ ವಿಷದ ಹೊಗೆ ಬಿಡುತ್ತದೆ. ಈ ಪೈಪನ್ನು ಎಂದೂ ಮುಚ್ಚಬಾರದು. ಶಾಖ ಹೆಚ್ಚುಕಡಿಮೆ ಮಾಡುವುದು ಕೆಳಗಿನ ತೂತುಗಳಿಂದ ಮಾತ್ರ.

ನೆನೆಸಿದ ಕಟ್ಟಿಗೆ ಎರಡನೇ ತಪ್ಪು. ರಾತ್ರಿಯಿಡೀ ಇಟ್ಟರೂ ನೀರು ಕೆಲವೇ ಮಿ.ಮೀ. ಒಳಹೋಗಿರುತ್ತದೆ. ಅದು ಆವಿಯಾಗುವ ತನಕ ಬೆಂಕಿ ತಣ್ಣಗೆ, ಹೊಗೆ ಸುಣ್ಣದಂತೆ ಬಿಳಿ. ಒಣ ಕಟ್ಟಿಗೆ, ಮುಷ್ಟಿ ಗಾತ್ರದ್ದು ಎರಡು, ಹೆಚ್ಚೆಂದರೆ ಮೂರು ತುಂಡು ಸಾಕು.

ಇದ್ದಿಲು ಚೀಲದ ತಳದ ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ, ಅದು ಬುಟ್ಟಿಯ ಕಣ್ಣು ಮುಚ್ಚಿ ಗಾಳಿ ಕಟ್ಟಿಸುತ್ತದೆ. 3.5 ಕೆಜಿ ಹೊತ್ತಿಸದ ಇದ್ದಿಲು ತುಂಬಿ, ಕಟ್ಟಿಗೆ ತುಂಡುಗಳನ್ನು ಅದರಲ್ಲೇ ಹುದುಗಿಸಿ, ಮೇಲೆ 10–12 ನಿಗಿನಿಗಿ ಕೆಂಡ ಇಡಿ. ಸೀಮೆಎಣ್ಣೆ ಮುಟ್ಟಬೇಡಿ. ನಾಲ್ಕೂ ತೂತು ತೆರೆದು 100 ಡಿಗ್ರಿ ದಾಟುತ್ತಲೇ ಎರಡನ್ನು ಮುಚ್ಚಿ, 115ಕ್ಕೆ ಮೂರನೆಯದನ್ನು ಅರ್ಧ. 135 ದಾಟಿದ ಮೇಲೆ ಇಳಿಸುವುದು ಕಷ್ಟ.

ಮಾಂಸ ಇಡುವ ಮೊದಲು ಪೈಪಿನ ಬಾಯಿಗೆ ಸ್ಟೀಲ್ ತಟ್ಟೆಯನ್ನು ಅರ್ಧ ನಿಮಿಷ ಹಿಡಿಯಿರಿ. ಬೆರಳಿಗೆ ಹಳದಿ ಜಿಡ್ಡು ಹತ್ತಿದರೆ ಇನ್ನೂ ಕಾಯಬೇಕು. ಹೊಗೆ ತೆಳ್ಳಗೆ, ನೀಲಿ ಛಾಯೆಗೆ ತಿರುಗಿ, ಕಂಡೂ ಕಾಣದಂತಿರಬೇಕು.

ದ್ರಾಕ್ಷಿ ಚಾಟ್ನಿ ಕಡ್ಡಿ ಬೇಡವೇ ಬೇಡ. ವರ್ಷವಿಡೀ ಔಷಧಿ ಹೊಡೆಸಿಕೊಂಡ ಕಡ್ಡಿ ಅದು. ಕಿತ್ತ ಹಳೇ ಬಳ್ಳಿಯ ದಪ್ಪ ಬೊಡ್ಡೆ ಸಿಕ್ಕರೆ ತೊಗಟೆ ಸುಲಿದು ಆರು ತಿಂಗಳು ಒಣಗಿಸಿ ಬಳಸಬಹುದು. ಪೇರಲ, ಮಾವು, ಜಾಲಿ ಚೆನ್ನ. ಬೇವು, ನೀಲಗಿರಿ ದೂರವಿಡಿ.

ಕುಂದಾಪ್ರಿಯ, ಬೆಳಗಾವಿ

ಗಾಳಿ ವಿಷಯ ಮ್ಯಾಲಿನವರು ಹೇಳಿದ್ದು ಖರೇ ಐತಿ. ನಾ ಮಾಂಸದ ಬಗ್ಗೆ ಅಷ್ಟ ಹೇಳತೇನಿ.

68ಕ್ಕ ನಿಲ್ಲೂದು ತಪ್ಪಲ್ರಿ. ಮಾಂಸ ಬೆವರತೈತಿ, ಬೆವರು ಆರೂವಾಗ ತಂಪು ಮಾಡತೈತಿ, ಕೆಂಡದ ಶಾಖಕ್ಕೂ ಆ ತಂಪಿಗೂ ಸರಿಸಮ ಆಗಿ ಮುಳ್ಳು ನಿಲ್ಲತೈತಿ. ಆ ಹೊತ್ತಿಗೆ ಬಾಳಿ ಎಲಿ ಸುತ್ತಿ, ಅದರ ಮ್ಯಾಲ ಎರಡು ಸುತ್ತು ಫಾಯಿಲ್ ಬಿಗದು ಮತ್ತ ಡ್ರಮ್ಮಿನಾಗ ಇಡ್ರಿ. ಬೆವರು ಆರಾಕ ಜಾಗಾ ಇಲ್ಲ, ಮುಳ್ಳು ಏರತೈತಿ. ನೀವು 70ರ ಆಜೂಬಾಜೂ ತಗದೀರಿ ಅಂತ ಕಾಣತೈತಿ, ಅದಕ್ಕ ರಬ್ಬರ್. ನರ ಕರಗಿ ಅಂಟಾಗಬೇಕಂದ್ರ 92–95 ಮುಟ್ಟಬೇಕು. ಅಂಕಿಗಿಂತ ಮಾಂಸಕ್ಕ ಚುಚ್ಚಿ ನೋಡೂ ಕಡ್ಡಿ ನಂಬ್ರಿ, ಬೆಣ್ಯಾಗ ಹೋದಂಗ ಹೋಗಬೇಕು. ಆಮ್ಯಾಲ ಸುತ್ತಿದ್ದನ್ನ ಬಿಚ್ಚದಂಗ ಮುಕ್ಕಾಲು ತಾಸು ಬಿಡ್ರಿ.

ಇಷ್ಟಾದ್ರೂ ತೊಡೆ ಒಣಗೂದು ಒಣಗತೈತಿ, ನಮ್ಮ ಆಡಿಗೆ ಕೊಬ್ಬು ಎಲ್ಲಿಂದ ಬರಬೇಕು. ಮುಂಗಾಲು, ಹೆಗಲ ಸಮೇತ ಕೇಳ್ರಿ. ತೊಡೇನ ಬೇಕಂದ್ರ ಹೊಟ್ಟಿ ಮ್ಯಾಲಿನ ಜಾಲರಿ ಚರ್ಬಿ ಕೇಳಿ ಇಸ್ಕೊಂಡು ಹೊದಸ್ರಿ. ಬಲಿಯಂಥಾ ಆ ಪದರು ಕರಗಿ ತಾನ ಎಣ್ಣಿ ಸವರತೈತಿ.

ಮುಂಜಾನೆ ಕೊಯ್ದ ಮಾಂಸ ಮಧ್ಯಾಹ್ನಕ್ಕ ಇಡಬ್ಯಾಡ್ರಿ, ಸೆಟದಿರತೈತಿ. ಒಂದು ದಿನ ಫ್ರಿಜ್‌ನಾಗ ಇರಲಿ, ಫ್ರೀಜರ್ ಅಲ್ಲ. ಕೆಜಿಗೆ 15 ಗ್ರಾಂ ಉಪ್ಪು ಹಿಂದಿನ ರಾತ್ರಿನ ತಿಕ್ಕ್ರಿ. ಬ್ಯಾಡಗಿ ಖಾರ, ಮೆಣಸು, ಜೀರಿಗಿ ಬೆಳಗ್ಗೆ. ಮಹಾಲಿಂಗಪುರದ ಬೆಲ್ಲ ಕೆಜಿಗೆ 10 ಗ್ರಾಂ 120 ಡಿಗ್ರಿಗೆ ನಡೀತೈತಿ, ನೇರ ಕೆಂಡದ ಮ್ಯಾಲ ಆದ್ರ ಕರ್ರಗಾಗಿ ಕಹಿ ಹಿಡೀತೈತಿ. ಪಪ್ಪಾಯಿಕಾಯಿ ಹಚ್ಚಬ್ಯಾಡ್ರಿ. ನಿಧಾನ ಶಾಖದಾಗ ಅದು ತಾಸುಗಟ್ಟಲೆ ಕೆಲಸ ಮಾಡತೈತಿ, ಮ್ಯಾಲಿನ ಪದರು ಗಂಜಿಯಾಗಿ ಒಳಗ ಹಂಗ ಉಳೀತೈತಿ.

ಹಿತ್ತಲಕೆಂಡ, ವಿಜಯಪುರ

ಮುಚ್ಚಳದ ಥರ್ಮಾಮೀಟರ್ ನಂಬಬಹುದೇನು? ಗಾಳಿ ಜೋರಿದ್ದ ದಿನ 120 ಇದ್ದದ್ದು ಸೀದಾ 150ಕ್ಕ ಹೋಗತದ.

ಘಟಪ್ರಭಾದಂಡೆ, ಬಾಗಲಕೋಟೆ

ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 98 ತೋರಿಸಿದರೆ ಸರಿ. 100 ತೋರಿಸಿದರೆ ಅದು ಎರಡು ಡಿಗ್ರಿ ಹೆಚ್ಚು ಹೇಳುತ್ತಿದೆ. ಆದರೂ ಮುಚ್ಚಳಕ್ಕೂ ಜಾಳಿಗೆಗೂ 15–20 ಡಿಗ್ರಿ ವ್ಯತ್ಯಾಸ ಇರುವುದುಂಟು. ತಂತಿ ಇರುವ ಪ್ರೋಬನ್ನು (ಶಾಖ ಅಳೆಯುವ ಕಡ್ಡಿ) ಮಾಂಸದಿಂದ ನಾಲ್ಕು ಬೆರಳು ದೂರದಲ್ಲಿ ಜಾಳಿಗೆಗೇ ಕಟ್ಟಿ ಅದನ್ನೇ ನೋಡಿ. ಮಾಂಸದೊಳಗೆ ಚುಚ್ಚುವ ಪ್ರೋಬು ಎಲುಬಿಗೆ ತಾಗಬಾರದು.

ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ. ತೆರೆದ ತೂತುಗಳು ಪೂರ್ವಕ್ಕೆ ಬರುವಂತೆ ಡ್ರಮ್ ತಿರುಗಿಸಿ, ಪಶ್ಚಿಮಕ್ಕೆ ಒಂದು ತಗಡು ನಿಲ್ಲಿಸಿ. ಮಳೆ ಬಂತೆಂದು ಮಾತ್ರ ಡ್ರಮ್ಮನ್ನು ಪಡಸಾಲೆಗೆ ಎಳೆಯಬೇಡಿ, ಕೆಂಡದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ.