ಜೋಗಿಮಟ್ಟಿ ತಪ್ಪಲಿನ ಒರತೆ: ಕೆಂಪು ಲೋಳೆ, ಎಣ್ಣೆ ಪದರ, ರಿಪೋರ್ಟ್ ಮಾತ್ರ ಚೊಕ್ಕ. ಕುಡಿಯಬಹುದಾ?

ಮೆಕ್ಕೆಜೋಳ_ದುರ್ಗ:
ನಮ್ಮ ಹೊಲ ಚಿತ್ರದುರ್ಗದ ಜೋಗಿಮಟ್ಟಿ ಬುಡದಲ್ಲಿದೆ. ಮೇಲಂಚಿನ ಬಂಡೆ ಸಂದಿಯಿಂದ ಒಂದು ಒರತೆ ಬರುತ್ತದೆ. ಏಪ್ರಿಲ್‌ನಲ್ಲಿ ಸುತ್ತಲ ಬೋರುಗಳು ಕೈಕೊಟ್ಟರೂ ಇದು ಸಣ್ಣಗೆ ಹರಿಯುತ್ತಲೇ ಇರುತ್ತದೆ. ಕಾಶಿಯಿಂದ ಬರೋ ಗುಪ್ತಗಂಗೆ ಅಂತಾರೆ ಅಜ್ಜಿ. ಚಳಿಗಾಲದ ಬೆಳಿಗ್ಗೆ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ.

ಈಗ ನೀರು ನಿಲ್ಲುವ ಗುಂಡಿಯಲ್ಲಿ ಕೆಂಪು ಲೋಳೆ, ಮೇಲೆ ಬಣ್ಣಬಣ್ಣದ ಎಣ್ಣೆ ಪದರ. ಪೆಟ್ರೋಲ್ ಸಿಕ್ತು ಬಿಡು ಅಂತ ಪಕ್ಕದ ಹೊಲದವರ ತಮಾಷೆ. ಒಂದು ಕ್ಯಾನ್ ತುಂಬಿ ಲ್ಯಾಬಿಗೆ ಕೊಟ್ಟೆ. ಪಿಎಚ್ (ಹುಳಿ-ಕ್ಷಾರದ ಅಳತೆ) 8.1; ಉಳಿದದ್ದೆಲ್ಲ ಲೀಟರಿಗೆ ಮಿ.ಗ್ರಾಂ ಲೆಕ್ಕ: ಟಿಡಿಎಸ್ (ಕರಗಿದ ಒಟ್ಟು ಉಪ್ಪು) 330, ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) 175, ಕ್ಷಾರೀಯತೆ (ಮುಖ್ಯವಾಗಿ ಬೈಕಾರ್ಬೊನೇಟ್ ಅಳತೆ) 200, ಸೋಡಿಯಂ 46, ಕ್ಲೋರೈಡ್ 35, ಸಲ್ಫೇಟ್ 24, ಫ್ಲೋರೈಡ್ 1.1, ಕಬ್ಬಿಣ 0.1. ಅಷ್ಟು ಕೆಂಪಿದ್ದರೂ ಕಬ್ಬಿಣ ಇಷ್ಟೇನಾ?

ರಿಗ್ಗು_ಹಿರಿಯೂರು:
ಟಿಡಿಎಸ್ 330 ಅಂದ್ರೆ ಬಂಗಾರ ಕಣ್ರೀ! ನಮ್ಮ ಬೋರು ಸಾವಿರ ದಾಟಿದೆ, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಸುಮ್ನೆ ಕುಡೀರಿ.

ನೀರಿನ_ಮೇಷ್ಟ್ರು (ದಾವಣಗೆರೆ):
ಸುಮ್ನೆ ಕುಡಿಯೋದು ಬೇಡ. ನೌಕರಿ ಪೂರ್ತಿ ನೀರಿನ ಬಾಟಲಿಗಳ ಜೊತೆ ಕಳೆದವನು ನಾನು. ಟಿಡಿಎಸ್ ಪೆನ್ನು ನೀರಲ್ಲಿ ಒಟ್ಟು ಎಷ್ಟು ಉಪ್ಪು ಇದೆ ಅಂತ ಅಂದಾಜು ಹೇಳುತ್ತದೆ, ಯಾವ ಉಪ್ಪು ಅಂತ ಹೇಳಲ್ಲ.

ಮೊದಲು ಎಣ್ಣೆ. ಒಂದು ಕಡ್ಡಿಯಿಂದ ಆ ಪದರ ಚುಚ್ಚಿ. ಗಾಜಿನ ಚೂರಿನ ಹಾಗೆ ಒಡೆದು ಚೂರುಗಳು ಬೇರೆಬೇರೆಯೇ ಉಳಿದರೆ ಅದು ಕಬ್ಬಿಣದ ಪದರ. ಎಣ್ಣೆಯಾದರೆ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಒಳಗೆ ಗಾಳಿ ಸಿಗದ ಕಡೆ ಕಬ್ಬಿಣ ಕರಗಿಯೇ ಇರುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಹೊರಗೆ ಬಂದು ಗಾಳಿ ತಗುಲಿದ ಮೇಲೆ ತುಕ್ಕಾಗಿ ಕೂರುತ್ತದೆ. ಅದರ ಮೇಲೆ ಬದುಕುವ ಬ್ಯಾಕ್ಟೀರಿಯಾ ಲೋಳೆ ಕಟ್ಟುತ್ತವೆ. ನಿಮ್ಮ ಕ್ಯಾನಿನ ತಳದಲ್ಲಿ ಕಂದು ಗಸಿ ಇತ್ತಾ? ಇದ್ದರೆ ಕಬ್ಬಿಣ ಅಲ್ಲೇ ಉಳಿದಿದೆ, ಲ್ಯಾಬಿನವರು ಮೇಲಿನ ತಿಳಿನೀರು ಅಳೆದಿದ್ದಾರೆ.

ಕಾಶಿ ವಿಷಯ. ಅಜ್ಜಿಗೆ ನನ್ನ ಹೆಸರು ಹೇಳಬೇಡಿ, ಆದರೆ ಇದು ಜೋಗಿಮಟ್ಟಿ ಮೇಲೇ ಬಿದ್ದ ಮಳೆ. ಮಣ್ಣಿನೊಳಗೆ ಬೇರು, ಹುಳಗಳ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಜಾಸ್ತಿ. ಇಳಿಯುವ ಮಳೆನೀರು ಅದನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಅನ್ನೋ ಖನಿಜವನ್ನು ನಿಧಾನಕ್ಕೆ ತಿನ್ನುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಸಿಲಿಕಾ, ಬೈಕಾರ್ಬೊನೇಟ್ ನೀರಿಗೆ ಬರುತ್ತವೆ, ಜೇಡಿ ಅಲ್ಲೇ ಉಳಿಯುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಕ್ಲೋರೈಡ್, ಸಲ್ಫೇಟ್ ಕಡಿಮೆ, ಕ್ಷಾರೀಯತೆಯದೇ ಕಾರುಬಾರು. ಕಲ್ಲಿನ ಬಿರುಕಲ್ಲಿ ಇಳಿದ ಮಳೆನೀರಿನ ಗುರುತೇ ಇದು. ಚಿತ್ರದುರ್ಗ ಕೋಟೆಯೊಳಗೆ ಬಂಡೆ ನಡುವಿನ ನೀರಿನ ತಾಣ, ತಣ್ಣೀರು ದೋಣಿ ನೋಡಿದೀರಲ್ಲ? ಗಟ್ಟಿ ಬಂಡೆಯಲ್ಲಿ ನೀರು ಸಂದಿಗಳಲ್ಲೇ ಓಡಾಡಬೇಕು. ಬೆಚ್ಚಗಿರುವುದಕ್ಕೆ ಬಿಸಿನೀರಿನ ಬುಗ್ಗೆಯೇ ಆಗಬೇಕಿಲ್ಲ. ನೆಲದೊಳಗಿನ ನೀರಿನ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ, ಬದಲಾಗುವುದು ಹೊರಗಿನ ಹವೆ.

ಈಗ ನನಗೆ ಕಾಡುವ ವಿಷಯ. ಗಡಸುತನ 175, ಕ್ಷಾರೀಯತೆ 200. ಕ್ಷಾರೀಯತೆ ಜಾಸ್ತಿ ಇದೆ ಅಂದರೆ ಬೈಕಾರ್ಬೊನೇಟಿನ ಒಂದು ಪಾಲಿಗೆ ಜೋಡಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲ, ಸೋಡಿಯಂ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಫ್ಲೋರೈಟ್ ಅನ್ನೋ ಖನಿಜವಾಗಿ ಕೂರಿಸುತ್ತದೆ. ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಮಣ್ಣಿನಲ್ಲೇ ಉಳಿದುಬಿಟ್ಟರೆ ಬಂಡೆಯ ಅಭ್ರಕ, ಅಪಟೈಟ್ ಖನಿಜಗಳಿಂದ ಬಂದ ಫ್ಲೋರೈಡಿಗೆ ಕಡಿವಾಣ ಇಲ್ಲ. ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಬೋರುಗಳ ಫ್ಲೋರೈಡ್ ಗೋಳಿಗೆ ಇದೂ ಒಂದು ಕಾರಣ. ಮೆತ್ತಗಿನ, ಬೇಳೆ ಚೆನ್ನಾಗಿ ಬೇಯುವ ನೀರೇ ಕೆಲವೊಮ್ಮೆ ಹಲ್ಲು ಕೆಡಿಸುತ್ತದೆ, ರಿಗ್ಗು ಅಣ್ಣಾ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ನಿಮ್ಮದು 1.1. ದೊಡ್ಡವರಿಗೆ ಗಾಬರಿ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಳೆನೀರು ಬೆರೆಸಿ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯಾಗುತ್ತದೆ.

ಮೆಕ್ಕೆಜೋಳ_ದುರ್ಗ:
ಕಡ್ಡಿ ಆಡಿಸಿದೆ ಸಾರ್, ಚೂರುಚೂರಾಯಿತು. ಕ್ಯಾನಿನಲ್ಲೂ ಗಸಿ ಇದೆ. ಮಕ್ಕಳಿದ್ದಾರೆ. ಒರತೆಯ ಮೇಲುಗಡೆ ದನ ಕಟ್ಟುತ್ತೇವೆ, ಅದೇನೂ ತೊಂದರೆ ಇಲ್ವಲ್ಲ?

ನೀರಿನ_ಮೇಷ್ಟ್ರು (ದಾವಣಗೆರೆ):
ಅದನ್ನ ಮೊದಲೇ ಹೇಳಬಾರದಾ! ಫ್ಲೋರೈಡ್ ಆಮೇಲಿನ ಮಾತು. ದನ ಇವತ್ತೇ ಕೆಳಗೆ ಕಟ್ಟಿ. ನೈಟ್ರೇಟ್ (ಸಗಣಿ, ಗಂಜಲದಿಂದ ನೀರಿಗೆ ಇಳಿಯುವ ಉಪ್ಪು) ಮತ್ತು ಕೋಲಿಫಾರ್ಮ್ (ಸಗಣಿ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಅಲ್ಲಿವರೆಗೆ ರೋಗಾಣು ಸಾಯಲು ಕುದಿಸಿಯೇ ಕುಡಿಯಿರಿ; ನೈಟ್ರೇಟ್ ಮಾತ್ರ ಕುದಿಸಿದರೂ ಹೋಗಲ್ಲ. ಕೋಲಿಫಾರ್ಮಿಗೆ ಲ್ಯಾಬಿನವರೇ ಕೊಡುವ ಕ್ರಿಮಿಶುದ್ಧ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಕಬ್ಬಿಣಕ್ಕೆ ಬೇರೆ ಚಿಕ್ಕ ಬಾಟಲಿ, ಸಂದಿಯ ಬಾಯಲ್ಲೇ ಹಿಡಿದು, ಕಬ್ಬಿಣ ಗಸಿಯಾಗದೆ ಕರಗಿಯೇ ಇರಲಿ ಅಂತ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿಸಿ, ಅದನ್ನೂ ಲ್ಯಾಬಿನವರೇ ಕೊಡುತ್ತಾರೆ. ಪಿಎಚ್ ಸ್ಥಳದಲ್ಲೇ ನೋಡಿ. ಕ್ಯಾನಿನಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋದರೆ ಪಿಎಚ್ ಏರುತ್ತದೆ, ನಿಮ್ಮ 8.1ನ್ನು ನಾನು ಪೂರ್ತಿ ನಂಬಲ್ಲ.

ರಿಗ್ಗು_ಹಿರಿಯೂರು:
ಮೇಷ್ಟ್ರೇ, ನಮ್ಮ ಬೋರಿನ ರಿಪೋರ್ಟೂ ಹಾಕ್ತೀನಿ, ನೋಡ್ತೀರಾ?