ಕ್ಯಾಂಪಿಂಗ್ ಟ್ರೈಲರ್‌ಗೆ ಶಾಕ್ ಅಬ್ಸಾರ್ಬರ್ ಹಾಕಿಸಿದವರ ಅನುಭವ

ಪ್ರಶ್ನೆ

ನಮ್ಮದು ಕಾರಿನ ಹಿಂದೆ ಎಳೆದೊಯ್ಯುವ, ಒಂದೇ ಆಕ್ಸಲ್ ಇರುವ ಕ್ಯಾಂಪಿಂಗ್ ಟ್ರೈಲರ್. ಅದಕ್ಕೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮಾತ್ರ ಇದೆ, ಶಾಕ್ ಅಬ್ಸಾರ್ಬರ್ ಇಲ್ಲ. ಒರಟು ರಸ್ತೆಯಲ್ಲಿ ಹೋಗಿ ನಿಲ್ಲಿಸಿದಾಗಲೆಲ್ಲ ಕಪಾಟಿನ ಸಾಮಾನು ನೆಲಕ್ಕೆ ಬಿದ್ದಿರುತ್ತದೆ. ಟೈರುಗಳೂ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುತ್ತಿವೆ. ಆಮೇಲೆ ಶಾಕ್ ಜೋಡಿಸಿಕೊಂಡವರಿಗೆ ಅದರಿಂದ ಪ್ರಯೋಜನವಾಯಿತೇ, ಜೋಡಿಸುವಾಗ ಏನನ್ನು ಗಮನಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಪ್ರಯೋಜನ ಖಂಡಿತ ಇದೆ, ಆದರೆ ಶಾಕ್ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದು ಮೊದಲು ಸ್ಪಷ್ಟವಾಗಬೇಕು. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಗುಂಡಿಗೆ ಇಳಿದು ಎದ್ದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ, ಆ ಶಕ್ತಿಯನ್ನು ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳಿ ಶಾಖವಾಗಿ ಕಳೆಯುವುದು ಶಾಕ್‌ನ ಕೆಲಸ. ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಳ್ಳುವುದರಿಂದ ಲೀಫ್ ಸ್ಪ್ರಿಂಗ್ ತಾನೇ ಸ್ವಲ್ಪ ಕುಣಿತವನ್ನು ತಡೆಯುತ್ತದೆ, ಅನೇಕ ತಯಾರಕರು ಶಾಕ್ ಕೊಡದೆ ಬಿಡುವುದಕ್ಕೆ ಇದೂ ಒಂದು ಕಾರಣ. ಆದರೆ ಪಟ್ಟಿಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಈ ಉಜ್ಜುವಿಕೆ ಕಡಿಮೆ. ಉಬ್ಬುತಗ್ಗುಗಳು ಒಂದೇ ಲಯದಲ್ಲಿ ಬರುವ ಮಣ್ಣುರಸ್ತೆಯಲ್ಲಿ ಅದು ಏನೂ ಸಾಲದು.

ನೀವು ಹೇಳಿದ ಟೈರ್ ಸವೆತ, ಚಕ್ರ ನೆಲ ಬಿಟ್ಟು ಪುಟಿಯುತ್ತಿರುವುದರ ಲಕ್ಷಣವಾಗಿರಬಹುದು. ಆದರೂ ಶಾಕ್ ಕೊಳ್ಳುವ ಮೊದಲು ಚಕ್ರಗಳ ಬ್ಯಾಲೆನ್ಸಿಂಗ್, ಬೇರಿಂಗಿನ ಸಡಿಲ, ಸ್ಪ್ರಿಂಗ್ ಬುಷ್‌ಗಳ (ಸ್ಪ್ರಿಂಗಿನ ತುದಿಯ ಕೀಲುಗಳೊಳಗಿನ ಕೊಳವೆಗಳ) ಸವೆತ ಮತ್ತು ಟೈರಿನ ಗಾಳಿಯನ್ನು ಪರೀಕ್ಷಿಸಿ. ಬುಷ್ ಸವೆದು ಆಕ್ಸಲ್ ಅಲುಗಾಡುತ್ತಿದ್ದರೆ ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ಟೈರ್ ಉಳಿಯುವುದಿಲ್ಲ.

ಶಾಕ್‌ನ ಬೆಲೆಗಿಂತ ಅದನ್ನು ಕೂರಿಸುವ ಕೋನವೇ ಹೆಚ್ಚು ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಟ್ರೈಲರಿನಡಿ ಜಾಗ ಕಡಿಮೆಯೆಂದು ಹಲವರು ಶಾಕನ್ನು ತೀರಾ ವಾಲಿಸಿ ಕಟ್ಟುತ್ತಾರೆ. ವಾಲಿದಾಗ ಒಂದೆಡೆ ಶಾಕ್ ಚಲಿಸುವ ವೇಗ ತಗ್ಗುತ್ತದೆ, ಇನ್ನೊಂದೆಡೆ ಅದು ಕೊಡುವ ಬಲದಲ್ಲೂ ಒಂದು ಪಾಲು ಮಾತ್ರ ಮೇಲೆ ಕೆಳಗೆ ಕೆಲಸಕ್ಕೆ ಬರುತ್ತದೆ. ಹೀಗೆ ನಷ್ಟ ಎರಡು ಬಾರಿ ಆಗುವುದರಿಂದ, ನೆಟ್ಟಗೆ ನಿಂತ ಶಾಕ್‌ನ ಪರಿಣಾಮವನ್ನು 100 ಎಂದುಕೊಂಡರೆ 30 ಡಿಗ್ರಿ ವಾಲಿದಾಗ ಅದು 75ಕ್ಕೂ, 45 ಡಿಗ್ರಿ ವಾಲಿದಾಗ 50ಕ್ಕೂ ಇಳಿಯುತ್ತದೆ. ಅಡ್ಡಲಾಗಿಯೂ ಲೆಕ್ಕವಿದೆ: ಆಕ್ಸಲ್‌ನ ನಡುವಿಗೆ ಹತ್ತಿರ ಕಟ್ಟಿದರೆ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಶಾಕ್ ಹೆಚ್ಚು ಚಲಿಸುವುದೇ ಇಲ್ಲ. ಟೈರಿಗೂ ಬ್ರೇಕಿನ ವೈರಿಗೂ ತಾಗದಂತೆ ಚಕ್ರದ ಕಡೆಗೆ ಎಷ್ಟು ಸರಿಸಲು ಸಾಧ್ಯವೋ ಅಷ್ಟು ಸರಿಸಿ.

ಉದ್ದವನ್ನು ಕಣ್ಣಳತೆಯಲ್ಲಿ ಆರಿಸಬೇಡಿ. ಪ್ರವಾಸಕ್ಕೆ ಹೊರಡುವಾಗ ಇರುವಷ್ಟೇ ಸಾಮಾನು ತುಂಬಿ, ಶಾಕನ್ನು ಕಟ್ಟುವ ಮೇಲಿನ ಮತ್ತು ಕೆಳಗಿನ ಹಿಡಿಗಳು ಬರುವ ಜಾಗಗಳ ನಡುವಿನ ಅಂತರ ಅಳೆಯಿರಿ. ಆ ಸ್ಥಿತಿಯಲ್ಲಿ ಶಾಕ್ ಸುಮಾರಾಗಿ ತನ್ನ ಚಲನೆಯ ನಡುವೆ ಇರಬೇಕು. ಜಾಕ್ ಹಾಕಿ ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ತೂಗಿದಾಗ ಅದರ ಭಾರ ಶಾಕ್‌ನ ಮೇಲೆ ಜೋತುಬೀಳಬಾರದು. ಹಾಗೆಯೇ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಶಾಕ್ ತಳ ಮುಟ್ಟುವ ಮೊದಲೇ ರಬ್ಬರ್ ತಡೆ ಆಕ್ಸಲನ್ನು ನಿಲ್ಲಿಸಬೇಕು. ಇದು ತಪ್ಪಿದರೆ ಮುರಿಯುವುದು ಶಾಕ್ ಒಂದೇ ಅಲ್ಲ, ಅದನ್ನು ಹಿಡಿದಿರುವ ಕಬ್ಬಿಣವೂ ಕಿತ್ತುಬರುತ್ತದೆ.

ಭಾರೀ ವಾಹನದ ಗಟ್ಟಿ ಶಾಕ್ ಹಾಕಿದರೆ ಇನ್ನೂ ಒಳ್ಳೆಯದೆಂಬ ಸಲಹೆ ಯಾರಾದರೂ ಕೊಟ್ಟಾರು, ಅದನ್ನು ದಯವಿಟ್ಟು ಒಪ್ಪಬೇಡಿ. ಹಗುರ ಟ್ರೈಲರಿಗೆ ಅತಿ ಗಟ್ಟಿ ಶಾಕ್ ಹಾಕಿದರೆ, ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗ್ ಮುಂದಿನ ಉಬ್ಬು ಬರುವಷ್ಟರಲ್ಲಿ ಮರಳಿ ಎದ್ದಿರುವುದೇ ಇಲ್ಲ, ಹೊಡೆತ ನೇರವಾಗಿ ಕಪಾಟಿಗೇ ತಲುಪುತ್ತದೆ. ಆಕ್ಸಲ್ ಹೊರುವ ತೂಕಕ್ಕೆ ಹೊಂದುವ ಶಾಕನ್ನೇ ಕೇಳಿ ಪಡೆಯಿರಿ.

ಇನ್ನೊಬ್ಬರ ಉತ್ತರ

ಮೇಲಿನ ಮಾತಿಗೆ ವೆಲ್ಡಿಂಗ್ ಬಗ್ಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ, ಏಕೆಂದರೆ ಅವಸರದಲ್ಲಿ ಎಲ್ಲರೂ ಮೊದಲು ಹೋಗುವುದು ವೆಲ್ಡರ್ ಬಳಿಗೆ. ಆಕ್ಸಲ್ ಕೊಳವೆಗೆ ಒಂದು ಬದಿಯಲ್ಲಿ ವೆಲ್ಡ್ ಮಾಡಿದರೆ, ತಣಿಯುವಾಗ ಲೋಹ ಆ ಕಡೆಗೆ ಎಳೆದುಕೊಂಡು ಕೊಳವೆ ಬಾಗಬಹುದು. ಆಗ ಚಕ್ರಗಳ ಕೋನ ಕೆಟ್ಟು, ಟೈರ್ ಉಳಿಸಲು ಹೊರಟ ಕೆಲಸವೇ ಟೈರನ್ನು ತಿನ್ನುತ್ತದೆ. ಯು-ಬೋಲ್ಟ್‌ನಿಂದ ಬಿಗಿಯುವ ಹಿಡಿಗಳು ಇದಕ್ಕಿಂತ ಎಷ್ಟೋ ಸುರಕ್ಷಿತ.

ಸ್ಪ್ರಿಂಗ್ ಬದಲು ರಬ್ಬರ್ ತಿರುಚುವ ಟಾರ್ಷನ್ ಆಕ್ಸಲ್ ಇರುವವರಿಗಂತೂ ಶಾಖವೇ ಶತ್ರು, ಕೊಳವೆಯೊಳಗಿನ ರಬ್ಬರ್ ಹಾಳಾಗುತ್ತದೆ. ಆ ರಬ್ಬರೇ ಕುಣಿತವನ್ನು ಸಾಕಷ್ಟು ಹೀರುವುದರಿಂದ ಅಲ್ಲಿ ಶಾಕ್‌ನ ಅಗತ್ಯವೂ ಕಡಿಮೆ. ಬೇಕೇ ಬೇಕೆಂದರೆ ಆಕ್ಸಲ್ ತಯಾರಕರಲ್ಲೇ ವಿಚಾರಿಸಿ. ಯುರೋಪಿನ ಆಲ್ಕೊ ಸಂಸ್ಥೆ ತನ್ನ ಆಕ್ಸಲ್‌ಗಳಿಗೆಂದೇ ಶಾಕ್‌ಗಳನ್ನು ಮಾರುತ್ತದೆ. ತೆಳು ತಗಡಿನ ಚಾಸಿಸ್‌ಗೆ ತಯಾರಕರ ಒಪ್ಪಿಗೆಯಿಲ್ಲದೆ ರಂಧ್ರ ಕೊರೆಯಬೇಡಿ.

ಮತ್ತೊಬ್ಬರು

ಜೋಡಿಸಿದ ಮೇಲಿನ ಪರೀಕ್ಷೆಯನ್ನು ಯಾರೂ ಹೇಳಲಿಲ್ಲ. ಶಾಕ್‌ನ ಹೊಳೆಯುವ ದಂಡ ಹೊರಗೆ ಕಾಣುವಂತಿದ್ದರೆ ಅದಕ್ಕೆ ಪ್ಲಾಸ್ಟಿಕ್ ಕಟ್ಟುಪಟ್ಟಿಯೊಂದನ್ನು ಮೆಲ್ಲಗೆ ಬಿಗಿದು ಓಡಿಸಿ. ಶಾಕ್ ಕುಗ್ಗಿದಷ್ಟೂ ಪಟ್ಟಿ ಸರಿದು ನಿಲ್ಲುವುದರಿಂದ, ತಳಕ್ಕೆ ಎಷ್ಟು ಜಾಗ ಉಳಿದಿತ್ತೆಂದು ಕಣ್ಣಿಗೇ ಕಾಣುತ್ತದೆ. ಒರಟು ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದ ಕೂಡಲೇ ಎರಡೂ ಶಾಕ್‌ಗಳ ಬಳಿ ಎಚ್ಚರಿಕೆಯಿಂದ ಕೈ ಹಿಡಿದು ನೋಡಿ. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಟ್ರೈಲರ್ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಿರಿ, ಮೊದಲ ಓಟದ ನಂತರ ಮತ್ತೊಮ್ಮೆ ಬಿಗಿತ ನೋಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ವೇಗ ಹೆಚ್ಚಿದಾಗ ಟ್ರೈಲರ್ ಎಡಬಲಕ್ಕೆ ತೂಗಾಡುವುದೂ ಇದರಿಂದ ನಿಲ್ಲುತ್ತದೆಯೇ?

ಮೊದಲ ಉತ್ತರ ಕೊಟ್ಟವರು

ಇಲ್ಲ, ದಯವಿಟ್ಟು ಆ ನಂಬಿಕೆಯಿಂದ ವೇಗ ಹೆಚ್ಚಿಸಬೇಡಿ. ತೂಗಾಟಕ್ಕೆ ಮೊದಲು ನೋಡಬೇಕಾದದ್ದು ಹಿಚ್‌ನ (ಟ್ರೈಲರನ್ನು ಕಾರಿಗೆ ಸೇರಿಸುವ ಕೊಂಡಿಯ) ಮೇಲೆ ಬೀಳುವ ಭಾರ. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಟ್ರೈಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟನ್ನೂ, ಯುರೋಪಿನಲ್ಲಿ ಶೇಕಡಾ 5ರಿಂದ 7ರಷ್ಟನ್ನೂ ಸೂಚಿಸುತ್ತಾರೆ. ನಿಮ್ಮ ಕಾರು ಮತ್ತು ಹಿಚ್ ಹೊರಬಲ್ಲ ಮಿತಿಯನ್ನು ಕೈಪಿಡಿಯಲ್ಲಿ ನೋಡಿ, ಭಾರದ ಸಾಮಾನನ್ನು ಹಿಂಬದಿಯಿಂದ ತೆಗೆದು ಆಕ್ಸಲ್‌ನ ಹತ್ತಿರ, ನೆಲಮಟ್ಟದಲ್ಲಿ ಇಟ್ಟು ಹಿಚ್‌ನ ಭಾರವನ್ನು ಮತ್ತೆ ತೂಗಿ ನೋಡಿ. ಅಲ್ಲಿಯವರೆಗೆ ನಿಧಾನವಾಗಿಯೇ ಓಡಿಸಿ.